ಕೃಷಿ ಪ್ರಶ್ನೋತ್ತರ: ಕೊಯ್ಲಿನ ದಿನಗಳಲ್ಲಿ ಹತ್ತು ವರ್ಷದ ಯೋಜನೆ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ ನಮಗೆ ಮೂರು ಎಕ್ರೆ ಅಡಿಕೆ ತೋಟವಿದೆ. ಅದರಲ್ಲಿ ಒಂದು ಎಕ್ರೆ ತಂದೆಯವರು ನೆಟ್ಟದ್ದು. ಮರಗಳು ಬಹಳ ಎತ್ತರವಾಗಿ ಫಸಲು ಇಳಿದಿದೆ. ಉಳಿದ ಭಾಗದಲ್ಲಿ ಮಂಗಳ ಮತ್ತು ಊರ ತಳಿಯ ಎಳೆಯ ಮರಗಳಿವೆ. ಮುಂದಿನ ಹತ್ತು ವರ್ಷಕ್ಕೆ ಒಂದು ಯೋಜನೆ ಬರೆದಿಡಬೇಕೆಂದು ಬೆಂಗಳೂರಿನಲ್ಲಿರುವ ಮಗ ಒತ್ತಾಯಿಸುತ್ತಿದ್ದಾನೆ. ಈಗ ಅಡಿಕೆ ಕೊಯ್ಲು, ಒಣಗಿಸುವುದು, ನೀರಾವರಿ, ಕಾಳುಮೆಣಸು ಕೊಯ್ಯುವುದು ಎಲ್ಲವೂ ಒಟ್ಟಿಗೇ ಬಂದಿರುವುದರಿಂದ ಕುಳಿತು ಬರೆಯಲು ಸಮಯವಿಲ್ಲ. ಬೇಸಗೆ ಮುಗಿದ ಮೇಲೆ ಮಾಡಿದರೆ ಆಗದೇ?
— ಓದುಗರು, ಪೆರ್ಲ

ಉತ್ತರ: ಬರೆಯುವ ಕೆಲಸವನ್ನು ಏಪ್ರಿಲ್‌ಗೆ ಮುಂದೂಡಿದರೆ ನಷ್ಟವೇನೂ ಇಲ್ಲ. ಆದರೆ ಆ ಬರವಣಿಗೆಗೆ ಬೇಕಾದ ಮಾಹಿತಿ ಸಿಗುವುದು ಈಗ ಮಾತ್ರ, ಮತ್ತು ಈ ವರ್ಷ ಅದನ್ನು ಬಿಟ್ಟರೆ ಮುಂದಿನ ಕೊಯ್ಲಿನವರೆಗೆ ಕಾಯಬೇಕಾಗುತ್ತದೆ. ಹಳೆಯ ಎಕ್ರೆಯನ್ನು ಉಳಿಸಿಕೊಳ್ಳಬೇಕೆ, ಹಂತಹಂತವಾಗಿ ಹೊಸತು ನೆಡಬೇಕೆ ಎನ್ನುವುದೇ ನಿಮ್ಮ ಯೋಜನೆಯ ತಿರುಳು. ಇದನ್ನು ತೀರ್ಮಾನಿಸಬೇಕಾದರೆ ಆ ಎಕ್ರೆ ಎಷ್ಟು ಕೊಡುತ್ತಿದೆ, ಅದಕ್ಕೆ ಎಷ್ಟು ಖರ್ಚಾಗುತ್ತಿದೆ ಎಂದು ಪ್ರತ್ಯೇಕವಾಗಿ ತಿಳಿದಿರಬೇಕು. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಇಡೀ ತೋಟದ ಅಡಿಕೆಯನ್ನು ಒಂದೇ ಅಂಗಳದಲ್ಲಿ ಹರವುತ್ತಾರೆ. ಅಲ್ಲಿ ಬೆರೆತ ಅಡಿಕೆ ಯಾವ ಭಾಗದ್ದೆಂದು ಆಮೇಲೆ ಯಾರೂ ಹೇಳಲಾರರು.

ಆದ್ದರಿಂದ ಈ ಕೊಯ್ಲಿನಲ್ಲಿ ಒಂದೇ ಒಂದು ಹೊಸ ಶಿಸ್ತನ್ನು ಪಾಲಿಸಿ. ಹಳೆಯ ಎಕ್ರೆಯ ಅಡಿಕೆಯನ್ನು ಬೇರೆ ಹರವಿ, ಬೇರೆಯಾಗಿಯೇ ಸುಲಿಸಿ. ಬಿಸಿಲಿನಲ್ಲಿ ಒಣಗಲು ಹೇಗೂ 35ರಿಂದ 40 ದಿನ ಬೇಕು. ಅಷ್ಟು ಕಾಲ ಅಂಗಳದ ನಡುವೆ ಒಂದು ಸಾಲು ಅಡಿಕೆ ಮರದ ಸಲಕೆ ಅಡ್ಡ ಇಟ್ಟರೆ ಸಾಕು. ಸುಲಿದ ಮೇಲೆ ಚಾಲಿ (ಒಣಗಿಸಿ ಸುಲಿದ ಒಳ್ಳೆಯ ಬಿಳಿ ಅಡಿಕೆ) ಎಷ್ಟು, ಕೆಳದರ್ಜೆಯ ಪಟೋರ ಎಷ್ಟು, ಕರಿಗೋಟು ಎಷ್ಟು ಎಂದು ತೂಗಿ ಬರೆಯಿರಿ. ಕೊಯ್ಯುವವರಿಗೆ ಆ ಎಕ್ರೆಯಲ್ಲಿ ಎಷ್ಟು ದಿನದ ಕೆಲಸವಾಯಿತು, ಕೊಟ್ಟ ಮಜೂರಿ ಎಷ್ಟು ಎನ್ನುವುದನ್ನೂ ಅಂದೇ ಬರೆದಿಡಬೇಕು. ಎತ್ತರದ ಮರಗಳಲ್ಲಿ ಕೊಯ್ಲಿಗಿಂತಲೂ ಮದ್ದು ಬಿಡುವ ಖರ್ಚೇ ಹೆಚ್ಚು ಕಾಡುತ್ತದೆ. ಕೊಳೆರೋಗ ತಡೆಯಲು ಮಳೆಗೆ ಮುಂಚೆ ಒಮ್ಮೆ ಮತ್ತು 40-45 ದಿನ ಕಳೆದು ಇನ್ನೊಮ್ಮೆ ಶೇಕಡಾ 1ರ ಬೋರ್ಡೋ ದ್ರಾವಣ (ಮೈಲುತುತ್ತು ಮತ್ತು ಸುಣ್ಣದ ಮಿಶ್ರಣ) ಬಿಡಬೇಕಾಗುವುದರಿಂದ, ಕಳೆದ ಮಳೆಗಾಲದಲ್ಲಿ ಆ ಎಕ್ರೆಗೆ ತಗಲಿದ ಮಜೂರಿ ನೆನಪಿದ್ದರೆ ಅದನ್ನೂ ಪಕ್ಕದಲ್ಲಿ ಬರೆಯಿರಿ.

ಇನ್ನೊಂದು ಕೆಲಸವನ್ನಂತೂ ಮುಂದೂಡುವಂತೆಯೇ ಇಲ್ಲ. ಹೊಸ ಗಿಡಗಳನ್ನು ನಿಮ್ಮ ತೋಟದ ಬೀಜದಿಂದಲೇ ಎಬ್ಬಿಸುವುದಾದರೆ ತಾಯಿಮರಗಳನ್ನು ಗುರುತಿಸಬೇಕಾದದ್ದು ಮರದಲ್ಲಿ ಗೊನೆ ಇರುವ ಈ ದಿನಗಳಲ್ಲಿ. ಬೇಗ ಫಸಲಿಗೆ ಬಂದ, ತಲೆಯಲ್ಲಿ ಹೆಚ್ಚು ಸೋಗೆಗಳಿರುವ, ಗೆಣ್ಣುಗಳು ಹತ್ತಿರವಿರುವ, ಕಾಯಿ ಚೆನ್ನಾಗಿ ಕಚ್ಚುವ ಮರಗಳಿಗೆ ಬಣ್ಣದ ಗುರುತು ಹಾಕಿ, ಅವುಗಳಿಂದ 35 ಗ್ರಾಮಿಗಿಂತ ಹೆಚ್ಚು ತೂಗುವ ಪೂರ್ಣ ಹಣ್ಣಾದ ಅಡಿಕೆಯನ್ನು ಆರಿಸಿಕೊಳ್ಳಬೇಕು. ಸಸಿ ನೆಡುವ ಹದಕ್ಕೆ ಬರಲು 12ರಿಂದ 18 ತಿಂಗಳು ಹಿಡಿಯುತ್ತದೆ. ಅಂದರೆ ಈ ಜನವರಿಯಲ್ಲಿ ಊರಿದ ಬೀಜ ಮುಂದಿನ ವರ್ಷದ ಮೇ-ಜೂನ್ ಹೊತ್ತಿಗೆ, ನೀರು ಬಸಿದು ಹೋಗುವ ಮಣ್ಣಿನಲ್ಲಿ ನೆಡಲು ಸಿದ್ಧವಾಗುತ್ತದೆ. ಜೇಡಿಮಣ್ಣಿನ ತಗ್ಗು ಜಾಗವಾದರೆ ಆಗಸ್ಟ್-ಸೆಪ್ಟೆಂಬರ್ ಲೇಸು. ಮಗ ಕೇಳುತ್ತಿರುವ ಹತ್ತು ವರ್ಷದ ಮೊದಲ ವರ್ಷ ಹೀಗೆ ಈ ಕೊಯ್ಲಿನಲ್ಲಿಯೇ ಶುರುವಾಗಿಬಿಟ್ಟಿದೆ. ಮರ ಗಿಡ್ಡವಾಗಿದ್ದರೆ ಒಳ್ಳೆಯದೆಂದು ತೋರಿದರೆ, ವಿಟ್ಲದಲ್ಲಿರುವ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಪ್ರಾದೇಶಿಕ ಕೇಂದ್ರದ ಗಿಡ್ಡ ಸಂಕರ ತಳಿಗಳ ಬಗ್ಗೆ ಈಗಲೇ ವಿಚಾರಿಸಿಡಿ. ಸಂಕರ ಮರದ ಬೀಜವನ್ನು ಮನೆಯಲ್ಲಿ ಊರಿದರೆ ಅದೇ ಗುಣ ಬರುವುದಿಲ್ಲವಾದ್ದರಿಂದ ಆ ಸಸಿಗಳನ್ನು ನಂಬಿಕೆಯ ಜಾಗದಿಂದಲೇ ತರಬೇಕು.

ಏಪ್ರಿಲ್‌ನಲ್ಲಿ ಕುಳಿತಾಗ ಲೆಕ್ಕ ಹಾಕುವ ಬಗೆ ಹೀಗೆ. 2.7 ಮೀಟರ್ ಅಂತರದಲ್ಲಿ ಒಂದು ಎಕ್ರೆಗೆ ಸುಮಾರು 550 ಮರ ಹಿಡಿಯುತ್ತದೆ. ಅಷ್ಟನ್ನೂ ಒಮ್ಮೆಗೇ ಕಡಿದರೆ ಹೊಸ ಗಿಡ ಫಸಲಿಗೆ ಬರುವ 5ರಿಂದ 7 ವರ್ಷ ಆ ಎಕ್ರೆಯಿಂದ ಅಡಿಕೆ ಇಲ್ಲ, ಗೊಬ್ಬರ, ನೀರು ಮತ್ತು ಆಳಿನ ಖರ್ಚು ಮಾತ್ರ ನಿಲ್ಲುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಮೂರು ಎಕ್ರೆಯ ಸಂಸಾರಕ್ಕೆ ಅದು ತೂಗದ ಹೊರೆ. ನಾಲ್ಕು ಪಾಲು ಮಾಡಿ, ಈ ಕೊಯ್ಲಿನಲ್ಲಿ ಅತ್ಯಂತ ಕಡಿಮೆ ಕೊಟ್ಟಂತೆ ಕಂಡ ಪಾಲಿನಿಂದ ಆರಂಭಿಸಿ, ನಡುವೆ ಬಾಳೆ ಹಾಕಿ. ಬಾಳೆಯಿಂದ ಎಳೆ ಗಿಡಕ್ಕೆ ಬೇಕಾದ ನೆರಳೂ ಸಿಗುತ್ತದೆ, ಕೈಗೆ ಒಂದಷ್ಟು ಹಣವೂ ಬರುತ್ತದೆ. ಹಳೆಯ ಮರದ ಬುಡದಲ್ಲೇ ಗಿಡ ನೆಟ್ಟು ವರ್ಷಗಟ್ಟಲೆ ಹಾಗೇ ಬಿಡುವವರಿದ್ದಾರೆ. ಬೆಳಕು ಸಾಲದೆ ಗಿಡ ಸೊರಗಿ ಉದ್ದವಾಗುತ್ತದೆ. ಹಾಗೆ ನೆಟ್ಟರೆ ಹಳೆಯದನ್ನು ಯಾವ ವರ್ಷ ತೆಗೆಯುವುದೆಂದು ನೆಡುವ ದಿನವೇ ಬರೆದಿಡಬೇಕು.

ಆದಾಯದ ಅಂಕಣದಲ್ಲಿ ಇಂದಿನ ಧಾರಣೆ ಬರೆಯಬೇಡಿ. ನಿಮ್ಮದೇ ಹಳೆಯ ಮಾರಾಟದ ಬಿಲ್ಲುಗಳನ್ನು ತೆಗೆದು, ಕಳೆದ ಹತ್ತು ವರ್ಷಗಳಲ್ಲಿ ಸಿಕ್ಕಿದ ಅತಿ ಕಡಿಮೆ ಧಾರಣೆಯನ್ನು ಬರೆಯಿರಿ. ಅದರಲ್ಲಿಯೂ ಮನೆ ನಡೆಯುವುದಾದರೆ ಮಾತ್ರ ಮರು ನಾಟಿಗೆ ಕೈಹಾಕಬಹುದು. 1970ರ ದಶಕದ ಆರಂಭದಲ್ಲಿ ಧಾರಣೆ ನೆಲಕಚ್ಚಿದ ಸಂಕಟದಿಂದಲೇ 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತೆಂಬುದನ್ನು ಹಿರಿಯರು ಬಲ್ಲರು. ಅಡಿಕೆಯ ಬೆಲೆ ಒಂದೇ ಸಮನೆ ಏರುತ್ತದೆಂದು ನಂಬಿ ಬರೆದ ಯೋಜನೆಯ ಮೇಲೆ ನನಗೆ ಭರವಸೆ ಇಲ್ಲ.

ಕೊನೆಯದಾಗಿ ಮಗನಿಗೂ ಒಂದು ಪ್ರಶ್ನೆ ಕೇಳಿ: ಆತ ಊರಿಗೆ ಬರುವ ಇಚ್ಛೆಯಿದೆಯೇ, ಇದ್ದರೆ ಎಂದು? ಈ ಉತ್ತರ ಸಿಗದೆ ಎಷ್ಟು ಜಾಗ ನೆಡುವುದು, ಯಾವ ತಳಿ, ಎಷ್ಟು ಆಳಿನ ಅವಲಂಬನೆ ಎಂಬ ಯಾವುದೂ ನಿಶ್ಚಯವಾಗದು. ದೂರದಿಂದ ಯೋಜನೆ ಕೇಳುವ ಮಕ್ಕಳಿಗೆ ಆ ಯೋಜನೆಯಲ್ಲಿ ತಮ್ಮ ಪಾಲು ಏನೆಂದು ಹೇಳುವ ಹೊಣೆಯೂ ಇದೆ ಎಂದು ನಾನು ನಂಬುತ್ತೇನೆ.

ಪ್ರಶ್ನೆ: ಪ್ರತಿವರ್ಷ ಬೆಳೆಸಾಲ ತೀರಿಸಲೆಂದು ಹೊಸ ಅಡಿಕೆ ಒಣಗಿದ ಕೂಡಲೇ ಮಾರುತ್ತೇವೆ. ಆಮೇಲೆ ಧಾರಣೆ ಏರಿದಾಗ ಮನೆಯಲ್ಲಿ ಅಡಿಕೆ ಇರುವುದಿಲ್ಲ, ಮಳೆಗಾಲದ ಖರ್ಚಿಗೆ ಮತ್ತೆ ಚಿನ್ನ ಅಡವಿಡುತ್ತೇವೆ. ಇದರಿಂದ ಹೊರಬರುವ ದಾರಿ ಹೇಳಿ.
— ಓದುಗರೊಬ್ಬರು, ಮುಳ್ಳೇರಿಯ

ಉತ್ತರ: ಅಮ್ಮಾ, ಮೊದಲಿಗೆ ಒಂದು ಎಚ್ಚರಿಕೆ. ಧಾರಣೆ ಏರಲೆಂದು ಸಾಲದ ಗಡುವು ಮೀರಬೇಡಿ. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲಕ್ಕೆ 3 ಲಕ್ಷ ರೂಪಾಯಿವರೆಗೆ ಶೇಕಡಾ 7ರ ಬಡ್ಡಿಯಿದ್ದು, ಗಡುವಿನೊಳಗೆ ಕಟ್ಟಿದವರಿಗೆ ಶೇಕಡಾ 3ರ ರಿಯಾಯಿತಿ ಸಿಕ್ಕಿ ಅದು 4ಕ್ಕೆ ಇಳಿಯುತ್ತದೆ. ಇಷ್ಟು ಅಗ್ಗದ ಸಾಲವನ್ನು ಸುಸ್ತಿಗೆ ಬೀಳಿಸಿ ಅಡಿಕೆ ದಾಸ್ತಾನಿಡುವುದರಲ್ಲಿ ಲಾಭ ಕಾಣುವುದು ಕಷ್ಟ.

ಬದಲಾಯಿಸಬೇಕಾದದ್ದು ಹಣ ಬರುವ ತಿಂಗಳುಗಳನ್ನು. ಹನ್ನೆರಡು ತಿಂಗಳ ಹೆಸರು ಬರೆದು, ಯಾವ ತಿಂಗಳಲ್ಲಿ ಎಷ್ಟು ಖರ್ಚು ಎಂದು ಎದುರಿಗೆ ಹಾಕಿ: ಮೇ ತಿಂಗಳಲ್ಲಿ ಮೈಲುತುತ್ತು ಮತ್ತು ಸುಣ್ಣ, ಜೂನ್‌ನಲ್ಲಿ ಮಕ್ಕಳ ಶಾಲೆ, ಮಳೆಗಾಲದ ಮಧ್ಯೆ ಎರಡನೇ ಸಲ ಮದ್ದು ಬಿಡುವ ಮಜೂರಿ, ಮಳೆ ಬಿಟ್ಟ ಮೇಲೆ ಗೊಬ್ಬರ. ಸಾಲ ನವೀಕರಿಸುವಾಗ ಮರುಪಾವತಿಯ ತಾರೀಖು ಕೊಯ್ಲಿನ ನಡುವೆ ಬೀಳದೆ ಮಾರಾಟದ ಸಮಯಕ್ಕೆ ಹೊಂದುವಂತೆ ಮಾಡಲು ಸಾಧ್ಯವೇ ಎಂದು ಬ್ಯಾಂಕಿನಲ್ಲಿ ಕೇಳಿ. ತೋಟದಲ್ಲಿ ಕಾಳುಮೆಣಸಿದ್ದರೆ ಅದನ್ನು ಚೆನ್ನಾಗಿ ಒಣಗಿಸಿ ಚೀಲದಲ್ಲಿಟ್ಟು ತುರ್ತಿನ ಹಣವೆಂದು ಬೇರೆಯಾಗಿಯೇ ಕಾಯಿರಿ. ಸರಿಯಾಗಿ ಒಣಗಿದ ಮೆಣಸು ವರ್ಷಗಟ್ಟಲೆ ಕೆಡುವುದಿಲ್ಲ, ಅಡಿಕೆಗಿಂತ ಕಡಿಮೆ ಜಾಗ ಸಾಕು. ಕೊಕ್ಕೊ ಹಾಕಿದ್ದರೆ ಬೇಸಗೆಯ ಕೊನೆಯಿಂದ ಮಳೆಯ ಆರಂಭದವರೆಗೆ ವಾರಕ್ಕೊಮ್ಮೆಯಾದರೂ ಹಸಿ ಬೀಜ ಮಾರಬಹುದು.

ಆಮೇಲೆ ಈ ವರ್ಷದ ಅಡಿಕೆಯಲ್ಲಿ ಹತ್ತನೇ ಒಂದು ಪಾಲನ್ನು ಮಾತ್ರ ಉಳಿಸಿ ಹಳೆ ಚಾಲಿಯಾಗಲು ಬಿಡಿ. ಮುಂದಿನ ವರ್ಷ ಸಾಲ ತೀರಿಸಲು ಆ ಹಳೆಯದು ಮೊದಲು ಹೊರಡಲಿ, ಹೊಸದರಲ್ಲಿ ಇನ್ನಷ್ಟು ಹೆಚ್ಚು ಪಾಲು ಉಳಿಯಲಿ. ಒಂದೇ ವರ್ಷದಲ್ಲಿ ಅಡವಿನ ಚಿನ್ನ ಪೂರ್ತಿ ಬಿಡಿಸಿಕೊಳ್ಳಲು ಹೋದರೆ ಮನೆಯವರಿಗೆ ಉಸಿರು ಕಟ್ಟುತ್ತದೆ. ನಾಲ್ಕೈದು ವರ್ಷದ ಅವಧಿ ಇಟ್ಟುಕೊಂಡರೆ ಇದು ನಿಮ್ಮ ಕೈಮೀರಿದ ಕೆಲಸವಲ್ಲ.

ಪ್ರಶ್ನೆ: ಕೃಷಿ ಭವನದ (ಕೇರಳ ಕೃಷಿ ಇಲಾಖೆಯ ಸ್ಥಳೀಯ ಕಚೇರಿಯ) ಸಹಾಯಧನಗಳನ್ನು ದೀರ್ಘಾವಧಿ ಯೋಜನೆಯಲ್ಲಿ ಆದಾಯವೆಂದು ಲೆಕ್ಕ ಹಿಡಿಯಬಹುದೇ?
— ಓದುಗರು, ಪೈವಳಿಕೆ

ಉತ್ತರ: ಹಿಡಿಯಬೇಡಿ. ಪಂಚಾಯತಿನ ಯೋಜನೆಗಳು ವರ್ಷವರ್ಷ ಬದಲಾಗುತ್ತವೆ, ಫಲಾನುಭವಿಗಳ ಆಯ್ಕೆ ಗ್ರಾಮಸಭೆಯ ಮೂಲಕ ನಡೆಯುತ್ತದೆ. ಬಂದರೆ ಅದನ್ನು ಹನಿ ನೀರಾವರಿಯಂಥ ಒಮ್ಮೆ ಮಾಡುವ ಕೆಲಸಕ್ಕೆ ವಿನಿಯೋಗಿಸಿ. ಕೊಯ್ಲಿನ ಗಡಿಬಿಡಿಯಲ್ಲಿ ಗ್ರಾಮಸಭೆ ತಪ್ಪಿಹೋಗದಂತೆ ಮನೆಯ ಒಬ್ಬರಿಗೆ ಆ ಹೊಣೆ ವಹಿಸಿ. ಈ ವರ್ಷದ ಭೂತೆರಿಗೆ ರಶೀದಿ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್‌ನ ಪ್ರತಿಗಳನ್ನು ಒಂದು ಲಕೋಟೆಯಲ್ಲಿ ಮೊದಲೇ ಸಿದ್ಧವಾಗಿಡಿ. ಅರ್ಜಿ ನಮೂನೆ ಮಲಯಾಳದಲ್ಲಿ ಮಾತ್ರ ಸಿಕ್ಕಿದರೆ ಓದಬಲ್ಲವರಿಂದ ಪ್ರತಿಯೊಂದು ಷರತ್ತನ್ನೂ ಓದಿಸಿ, ಅದರ ಅರ್ಥವನ್ನು ಕನ್ನಡದಲ್ಲಿ ನಿಮ್ಮ ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಸಹಿ ಮಾಡಿ.