ಇರಾನಿನ ಗಲ್ಲುಗಳ ಬಗ್ಗೆ ನಾವು ಯಾಕೆ ಬರೆಯುತ್ತೇವೆ

ಪ್ರಿಯ ಓದುಗರೇ,

ಇರಾನಿನ ಪಶ್ಚಿಮದಲ್ಲಿ ಬಾಳುವ, ಸ್ವಂತ ನುಡಿಯಿರುವ ಅಲ್ಪಸಂಖ್ಯಾತ ಜನಾಂಗ ಕುರ್ದರನ್ನು ಗಲ್ಲಿಗೇರಿಸುತ್ತಿರುವುದರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ನಿಮಗೆ ಹಿಡಿಸಿಲ್ಲ. 'ದೇಶ ಒಡೆಯಲು ಹೊರಟವರಿಗೆ ಆ ದೇಶದ ಕೋರ್ಟು ಶಿಕ್ಷೆ ಕೊಟ್ಟರೆ ನಿಮಗೇನು ಸಂಕಟ?' ಎಂದು ಕೇಳಿದ್ದೀರಿ. ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ.

ಕೋರ್ಟು ಅಂದಿರಲ್ಲ, ಅದು ಹೇಗಿತ್ತು ನೋಡಿ. 1979ರ ಆಗಸ್ಟ್ 27, ಕುರ್ದರ ಊರಾದ ಸನಂದಜ್‌ನ ವಿಮಾನ ನಿಲ್ದಾಣ. ಸಾದೆಗ್ ಖಲ್ಖಾಲಿ ಎಂಬ ನ್ಯಾಯಾಧೀಶ ಅರ್ಧ ಗಂಟೆಯಲ್ಲಿ ವಿಚಾರಣೆ ಮುಗಿಸಿದ. ಹನ್ನೊಂದು ಜನರನ್ನು ಬಯಲಿಗೆ ತಂದು, ಕಣ್ಣಿಗೆ ಬಟ್ಟೆ ಕಟ್ಟಿ ಗುಂಡಿಟ್ಟರು. ಹೆಚ್ಚಿನವರು ಕುರ್ದರು. ಅವರಲ್ಲೊಬ್ಬ ಗಾಯಗೊಂಡು ಸ್ಟ್ರೆಚರ್ ಮೇಲಿದ್ದ. ಎದ್ದು ನಿಲ್ಲಲಾಗದವನನ್ನು ಮಲಗಿದ್ದಲ್ಲೇ ಕೊಂದರು. ಜಹಾಂಗೀರ್ ರಜ್ಮಿ ತೆಗೆದ ಆ ಫೋಟೊಗೆ ಮರುವರ್ಷ ಅಮೆರಿಕದ ಪತ್ರಿಕೋದ್ಯಮ ಪ್ರಶಸ್ತಿ ಪುಲಿಟ್ಜರ್ ಬಂತು, ಆದರೆ ಹೆಸರಿಲ್ಲದೆ. ತೆಗೆದವರು ಯಾರೆಂದು ಜಗತ್ತಿಗೆ ಗೊತ್ತಾಗಿದ್ದು 2006ರಲ್ಲಿ.

ಅದು ಇಸ್ಲಾಮಿಕ್ ಕ್ರಾಂತಿಯ ಕಾಲ, ಬಿಡಿ ಅನ್ನುತ್ತೀರಾ? ಸರಿ, 2010ಕ್ಕೆ ಬನ್ನಿ. ಫರ್ಜಾದ್ ಕಮಾಂಗರ್ ಕುರ್ದ್ ಮೇಷ್ಟ್ರು, ಶಿಕ್ಷಕರ ಸಂಘದಲ್ಲಿದ್ದವರು. ಅವರ ಮೇಲಿದ್ದದ್ದು ದೇವರ ವಿರುದ್ಧ ಯುದ್ಧ ಹೂಡಿದ ಆರೋಪ. ಕಡತದಲ್ಲಿ ಅದಕ್ಕೆ ಒಂದೂ ಸಾಕ್ಷ್ಯವಿಲ್ಲ ಎಂದು ವಕೀಲರು ಹೇಳುತ್ತಲೇ ಬಂದರು. ವಿಚಾರಣೆ ಕೆಲವೇ ನಿಮಿಷಗಳದ್ದು. ಮೇ 9ರಂದು ಟೆಹ್ರಾನಿನ ಎವಿನ್ ಜೈಲಿನಲ್ಲಿ ಇನ್ನೂ ನಾಲ್ವರ ಜೊತೆ ಅವರನ್ನು ನೇಣಿಗೇರಿಸಿದರು. ವಕೀಲರಿಗೂ ಹೇಳಲಿಲ್ಲ, ಹೆತ್ತ ತಾಯಿಗೂ ಹೇಳಲಿಲ್ಲ. ಆಮೇಲೆ ಹೆಣವನ್ನೂ ಕೊಡಲಿಲ್ಲ. ಇದನ್ನು ಶಿಕ್ಷೆ ಅನ್ನೋದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಬಂದೂಕು ಹಿಡಿದ ಕುರ್ದ್ ಗುಂಪುಗಳಿವೆ, ಸುಳ್ಳಲ್ಲ. ಅವರ ಗುಂಡಿಗೆ ಸತ್ತ ಸೈನಿಕರ ಮನೆಯಲ್ಲೂ ಅಳುವವರಿದ್ದಾರೆ. ಆರೋಪವಿದ್ದರೆ ತೆರೆದ ಕೋರ್ಟಿನಲ್ಲಿ, ಆರೋಪಿಯೇ ಆರಿಸಿಕೊಂಡ ವಕೀಲರ ಎದುರು ಸಾಕ್ಷ್ಯ ಇಡಲಿ. ಹೊಡೆದು ಬಡಿದು ಹೇಳಿಸಿದ ತಪ್ಪೊಪ್ಪಿಗೆ ಸಾಕ್ಷ್ಯವಾಗೋದಿಲ್ಲ, ಅಲ್ವಾ?

ಇನ್ನು 'ದೇಶ ಒಡೆಯುವ' ಮಾತು. ಪರ್ಷಿಯನ್ ಜೊತೆಗೆ ಬೇರೆ ನುಡಿಗಳ ಸಾಹಿತ್ಯವನ್ನೂ ಶಾಲೆಯಲ್ಲಿ ಕಲಿಸಬಹುದು ಎಂದು ಇರಾನಿನ ಸಂವಿಧಾನದ 15ನೇ ವಿಧಿಯೇ ಹೇಳುತ್ತದೆ. ಸನಂದಜ್‌ನಲ್ಲಿ ಮಕ್ಕಳಿಗೆ ಕುರ್ದಿ ಕಲಿಸುತ್ತಿದ್ದ ಜಾರಾ ಮೊಹಮ್ಮದಿ ಬಾಂಬ್ ಇಟ್ಟವರಲ್ಲ. ಅವರಿಗೂ ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಐದು ವರ್ಷ ಶಿಕ್ಷೆಯಾಯಿತು. 2022ರ ಜನವರಿಯಲ್ಲಿ ಜೈಲಿಗೆ ಹೋದರು. ತಾಯ್ನುಡಿ ಕಲಿಸುವವರೂ ದ್ರೋಹಿಗಳಾದರೆ, ಆ ಜನ ಹಕ್ಕು ಕೇಳಲು ಯಾವ ಬಾಗಿಲು ಉಳಿಯಿತು ಹೇಳಿ.

ಕುರ್ದರದ್ದಷ್ಟೇ ಕಥೆಯೂ ಅಲ್ಲ. ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿಯ ಲೆಕ್ಕದಲ್ಲಿ 2023ರಲ್ಲಿ ಇರಾನ್ ಕನಿಷ್ಠ 853 ಜನರನ್ನು ಗಲ್ಲಿಗೇರಿಸಿತು. ಅರ್ಧಕ್ಕಿಂತ ಜಾಸ್ತಿ ಡ್ರಗ್ಸ್ ಕೇಸುಗಳು. ಪಾಕಿಸ್ತಾನದ ಗಡಿಯಂಚಿನ ಇನ್ನೊಂದು ಅಲ್ಪಸಂಖ್ಯಾತ ಜನಾಂಗವಾದ ಬಲೂಚರು ಜನಸಂಖ್ಯೆಯಲ್ಲಿ ಶೇ. 5ರಷ್ಟು, ಗಲ್ಲಿಗೇರಿದವರಲ್ಲಿ ಶೇ. 20ರಷ್ಟು. ಕೆಲಸವಿಲ್ಲದ, ಬಡತನ ಹಾಸಿಹೊದ್ದ ಗಡಿನಾಡಿನಲ್ಲಿ ಸಿಕ್ಕಿಬೀಳುವವರು ಸರಕು ಸಾಗಿಸಿದ ಬಡಪಾಯಿಗಳು.

ಲೇಖನಮಾಲೆ ನಿಲ್ಲಿಸಿ ಎಂದಿದ್ದೀರಿ. ನಿಲ್ಲಿಸುವುದಿಲ್ಲ. ಮುಂದಿನ ಕಂತು ಬಲೂಚರ ಬಗ್ಗೆಯೇ ಇದೆ. ಓದಿ ನೋಡಿ, ಒಪ್ಪಿಗೆಯಾಗದಿದ್ದರೆ ಮತ್ತೆ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.

– ಸಂಪಾದಕ