ಡಾರ್ಕ್ ಮೆಜಿಷಿಯನ್ ಯಾಕೆ ಇಳಿಯುತ್ತಿಲ್ಲ?

ಸೋಮವಾರಪೇಟೆಯ ಓದುಗರೊಬ್ಬರು ಬರೆದಿದ್ದಾರೆ: "ಮಳೆ ಹಿಡಿಯುವ ಮೊದಲು ಅಟ್ಟ ಗುಡಿಸುವಾಗ ಶಾಲೆಯ ದಿನಗಳ ಯು-ಗಿ-ಓ ಆಟದ ಕಾರ್ಡುಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಸಿಕ್ಕವು. ಆಸೆಯಾಗಿ ಮೊಬೈಲಿಗೆ ಅದೇ ಆಟದ ಆಪ್ ಮಾಸ್ಟರ್ ಡ್ಯುಯೆಲ್ ಹಾಕಿಕೊಂಡೆ. ಕೈಯಲ್ಲಿ ಡಾರ್ಕ್ ಮೆಜಿಷಿಯನ್ ಎಂಬ ಮಾಂತ್ರಿಕನ ಕಾರ್ಡು ಇದ್ದರೂ ಇಳಿಸಲು ಆಗುತ್ತಿಲ್ಲ. ಎದುರಿನವರು ಒಂದೇ ಸರದಿಯಲ್ಲಿ ಹತ್ತು ಕಾರ್ಡು ಇಳಿಸುತ್ತಾರೆ. ಸಾಲಾಗಿ ಆರು ಸೋಲು. ಆಪ್ ಕೆಟ್ಟಿದೆಯೇ, ದುಡ್ಡು ಹಾಕಬೇಕೇ? ಡಬ್ಬಿಯ ಕಾರ್ಡುಗಳಿಗೆ ಬೂಷ್ಟು ಹಿಡಿದಿದೆ, ಅದಕ್ಕೇನು ಮಾಡಲಿ?"

ಪ್ರಿಯ ಓದುಗರೇ,

ಆಪ್ ಸರಿಯಾಗಿಯೇ ಇದೆ. ಆಗ ಆಡಿದ್ದು ಈ ಆಟದ ಅರ್ಧ ಮಾತ್ರ. ಕಾರ್ಡಿನ ಕೆಳಗಿನ ಸಣ್ಣ ಇಂಗ್ಲಿಷನ್ನು ಓದುವ ಮಕ್ಕಳು ಕಡಿಮೆ. ಯಾರ ಅಟ್ಯಾಕ್ ಸಂಖ್ಯೆ ದೊಡ್ಡದೋ ಅವರು ಗೆದ್ದರು, ಮುಗಿಯಿತು. ಕಾರ್ಟೂನಿನ ಮೊದಲ ಕಂತುಗಳಲ್ಲೂ ಕಾದಾಡುವ ಕಾರ್ಡುಗಳಾದ ದೊಡ್ಡ ಮಾನ್‌ಸ್ಟರ್‌ಗಳನ್ನು ಹಾಗೇ ಇಳಿಸುತ್ತಿದ್ದರು. ನಿಜವಾದ ನಿಯಮ ಹಾಗಿಲ್ಲ. ಚಿತ್ರದ ಮೇಲಿರುವ ನಕ್ಷತ್ರಗಳನ್ನು ಎಣಿಸಿ. 4ರವರೆಗೆ ಇದ್ದರೆ ನೇರ ಇಳಿಸಬಹುದು. 5 ಅಥವಾ 6 ಇದ್ದರೆ ಆಗಲೇ ಇಳಿಸಿರುವ ಒಂದನ್ನು ಬಲಿ ಕೊಡಬೇಕು, 7 ಮತ್ತು ಮೇಲಿದ್ದರೆ ಎರಡನ್ನು. ಡಾರ್ಕ್ ಮೆಜಿಷಿಯನ್‌ಗೆ 7 ನಕ್ಷತ್ರ. ಈ ಬಗೆಯ ಸಮನ್ (ಇಳಿಸುವುದು) ಸರದಿಗೆ ಒಂದೇ ಸಲ. ಬಲಿಗೆ ಎರಡು ಇಲ್ಲದಿದ್ದರೆ ಸಮನ್ ಬಟನ್ನೇ ಬರುವುದಿಲ್ಲ.

ಎದುರಿನವರು ಹತ್ತು ಇಳಿಸುವುದು ಸ್ಪೆಷಲ್ ಸಮನ್‌ನಿಂದ. ಅದಕ್ಕೆ ಸರದಿಯಲ್ಲಿ ಇಷ್ಟೇ ಎಂಬ ಮಿತಿಯಿಲ್ಲ. ನೀವು ಕಾರ್ಡು ಅಟ್ಟಕ್ಕೆ ಹಾಕಿದ ಮೇಲೆ ಅದರ ಹೊಸ ಬಗೆಗಳಾಗಿ 2008ರಲ್ಲಿ ಸಿಂಕ್ರೊ, 2011ರಲ್ಲಿ ಎಕ್ಸೀಝ್, 2014ರಲ್ಲಿ ಪೆಂಡ್ಯುಲಮ್, 2017ರಲ್ಲಿ ಲಿಂಕ್ ಬಂದವು. ನಾಲ್ಕನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ, ತಲೆ ಕೆಡುತ್ತದೆ. ರ‍್ಯಾಂಕ್ ಪಂದ್ಯ ಬಿಟ್ಟು ಒಬ್ಬರೇ ಆಡುವ ಸೋಲೊ ಮೋಡ್‌ಗೆ ಹೋಗಿ. ಅಲ್ಲಿ ಒಂದೊಂದನ್ನೇ ಹೇಳಿಕೊಡುತ್ತಾರೆ, ಮುಗಿಸಿದರೆ ಜೆಮ್ಸ್ (ಆಪ್ ಒಳಗಿನ ನಾಣ್ಯ) ಕೊಡುತ್ತಾರೆ.

ಸಂತೋಷದ ವಿಷಯವೆಂದರೆ, ನಿಮ್ಮ ಡಾರ್ಕ್ ಮೆಜಿಷಿಯನ್‌ನನ್ನು ಆಟ ಮರೆತಿಲ್ಲ. ಅವನಿಗಾಗಿಯೇ ಹೊಸ ಕಾರ್ಡುಗಳು ಬಂದಿವೆ. 1600 ಅಟ್ಯಾಕಿನ ಮೆಜಿಷಿಯನ್ಸ್ ರಾಡ್‌ಗೆ ನಕ್ಷತ್ರ ಮೂರೇ, ನೇರ ಇಳಿಯುತ್ತದೆ. ಇಳಿದೊಡನೆ ಡೆಕ್‌ನಿಂದ ಎಟರ್ನಲ್ ಸೋಲ್ ಎಂಬ ಟ್ರ್ಯಾಪನ್ನು (ಮುಚ್ಚಿಟ್ಟು ಆಮೇಲೆ ತೆರೆಯುವ ಕಾರ್ಡು) ಕೈಗೆ ತರಿಸಿಕೊಳ್ಳಿ, ಮುಚ್ಚಿಡಿ. ಮುಚ್ಚಿಟ್ಟ ಸರದಿಯಲ್ಲೇ ಟ್ರ್ಯಾಪ್ ತೆರೆಯಲು ಬರುವುದಿಲ್ಲ. ಎದುರಿನವರ ಸರದಿಯಲ್ಲಿ ತೆರೆದರೆ ಡಾರ್ಕ್ ಮೆಜಿಷಿಯನ್ ಕೈಯಿಂದಲೋ ಸ್ಮಶಾನದಿಂದಲೋ (ಬಳಸಿ ಮುಗಿದ ಕಾರ್ಡುಗಳ ರಾಶಿ) ಬಲಿಯಿಲ್ಲದೆ ಇಳಿಯುತ್ತಾನೆ. ಡಾರ್ಕ್ ಮೆಜಿಕಲ್ ಸರ್ಕಲ್ ಎಂಬ ಕಾರ್ಡು ಮೊದಲೇ ತೆರೆದಿದ್ದರೆ, ಅವನು ಇಳಿದ ಹೊಡೆತಕ್ಕೆ ಎದುರಿನವರ ಒಂದು ಕಾರ್ಡನ್ನು ಆಟದಿಂದಲೇ ಹೊರಗೆ ಹಾಕಬಹುದು. ಆದರೆ ತೆರೆದಿರುವ ಎಟರ್ನಲ್ ಸೋಲ್ ನಾಶವಾಗಿಯೋ ಬೇರೆ ರೀತಿಯಲ್ಲೋ ಅಂಗಳ ಬಿಟ್ಟು ಹೋದರೆ ನಿಮ್ಮ ಎಲ್ಲ ಮಾನ್‌ಸ್ಟರ್‌ಗಳೂ ನಾಶವಾಗುತ್ತವೆ. ಹೊಸಬರು ಹೆಚ್ಚಾಗಿ ಸೋಲುವುದು ಇಲ್ಲಿಯೇ.

ಇನ್ನೊಂದು ಜಾಗದಲ್ಲಿಯೂ ಎಡವುತ್ತಾರೆ. ಪರದೆಯ ಬದಿಯಲ್ಲಿ ಆಟೊ, ಆನ್, ಆಫ್ ಎಂಬ ಬಟನ್ ಇದೆ. ಆಫ್‌ನಲ್ಲಿದ್ದರೆ ಟ್ರ್ಯಾಪ್ ತೆರೆಯುತ್ತೀರಾ ಎಂದು ಕೇಳದೆಯೇ ಆಟ ಮುಂದೆ ಹೋಗುತ್ತದೆ. ನಿಮ್ಮ ಸರದಿಯಲ್ಲಿ ಆಟೊ ಇರಲಿ, ಎದುರಿನವರ ಸರದಿಯಲ್ಲಿ ಆನ್ ಮಾಡಿ.

ಡೆಕ್‌ನಲ್ಲಿ 40 ಕಾರ್ಡೇ ಇರಲಿ. 60ರವರೆಗೆ ಬಿಡುತ್ತಾರೆಂದು ಇಷ್ಟವಾದದ್ದನ್ನೆಲ್ಲ ತುಂಬಬೇಡಿ. ಮೂರು ಪ್ರತಿ ಇಟ್ಟ ಕಾರ್ಡು ಮೊದಲು ಕೈಗೆ ಸಿಗುವ ಐದರಲ್ಲಿ ಬರುವುದು 40ರ ಡೆಕ್‌ನಲ್ಲಿ 100ಕ್ಕೆ 34 ಸಲ, 60ರಲ್ಲಿ ಬರೀ 23 ಸಲ.

ದುಡ್ಡಿನ ಮಾತು. ಹಾಕಬೇಕಾಗಿಲ್ಲ. 100 ಜೆಮ್ಸ್‌ಗೆ 8 ಕಾರ್ಡಿನ ಒಂದು ಪ್ಯಾಕ್. ಬೇಡದ ಕಾರ್ಡನ್ನು ಒಡೆದರೆ 10 ಪಾಯಿಂಟ್ ಸಿಗುತ್ತದೆ, ಬೇಕಾದ್ದನ್ನು ಮಾಡಿಕೊಳ್ಳಲು 30 ಬೇಕು. ಅಂದರೆ ಅದೇ ದರ್ಜೆಯ ಮೂರು ಕೊಟ್ಟರೆ ಒಂದು. ಮೊದಲ ವಾರದಲ್ಲೇ ಸಿಕ್ಕಿದ್ದನ್ನೆಲ್ಲ ಒಡೆದು ಆಮೇಲೆ ಅದೇ ಬೇಕೆಂದು ಪರದಾಡುವವರೇ ಹೆಚ್ಚು. ಜೆಮ್ಸನ್ನು ಸಾಮಾನ್ಯ ಪ್ಯಾಕಿಗೆ ಸುರಿಯಬೇಡಿ. ನಿಮ್ಮ ಡೆಕ್ಕಿಗೆ ಸೇರಿದ ಒಂದು ಎಸ್‌ಆರ್ ಅಥವಾ ಯುಆರ್ (ಅಪರೂಪದ ಮೇಲಿನ ಎರಡು ದರ್ಜೆ) ಕಾರ್ಡನ್ನು ಪಾಯಿಂಟ್‌ನಲ್ಲಿ ಮಾಡಿಕೊಳ್ಳಿ. ಆ ಗುಂಪಿನ ಸೀಕ್ರೆಟ್ ಪ್ಯಾಕ್ 24 ಗಂಟೆ ತೆರೆದಿರುತ್ತದೆ, ಆಗ ಜೆಮ್ಸ್ ಹಾಕಿ. ಮೊದಲು ಜೆಮ್ಸ್ ಕೂಡಿಡಿ, ಆಮೇಲೆ ಪ್ಯಾಕ್ ತೆರೆಸಿ.

ನಮ್ಮ ಕಡೆ ಕಕ್ಕಡದ ಮಳೆಯಲ್ಲಿ ಕರೆಂಟೂ ಟವರೂ ಒಟ್ಟಿಗೆ ಹೋಗುತ್ತವೆ. ಪಂದ್ಯದ ನಡುವೆ ಸಂಪರ್ಕ ತಪ್ಪಿದರೆ ಸೋಲೆಂದೇ ಲೆಕ್ಕ. ಗಾಳಿಮಳೆ ಜೋರಿದ್ದ ದಿನ ಸೋಲೊದಲ್ಲೇ ಇರಿ. ಇವತ್ತೇ ಖಾತೆಯನ್ನು ಆಪ್ ಮಾಡಿದ ಕಂಪನಿಯ ಕೊನಾಮಿ ಐಡಿಗೆ ಜೋಡಿಸಿ. ಫೋನಿಗೆ ನೀರು ಹೊಕ್ಕು ಕೆಟ್ಟರೂ ಹೊಸ ಫೋನಿನಲ್ಲಿ ಡೆಕ್ ವಾಪಸು ಸಿಗುತ್ತದೆ.

ಇನ್ನು ಡಬ್ಬಿಯ ಕಾರ್ಡು. ಒದ್ದೆ ಬಟ್ಟೆ ತಾಗಿಸಬೇಡಿ, ಬೂಷ್ಟು ಕಾಗದದೊಳಗೆ ಇಳಿಯುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮಳೆ ಬಿಟ್ಟ ದಿನ ಹೊರಗಡೆ ನೆರಳಿನಲ್ಲಿ ಒಣ ಮೆತ್ತನೆ ಬ್ರಷ್‌ನಿಂದ ಉಜ್ಜಿ. ಅಂಟಿಕೊಂಡವನ್ನು ಕಿತ್ತರೆ ಚಿತ್ರವೇ ಎದ್ದು ಬರುತ್ತದೆ. ಅವನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಕೆಲವು ದಿನ ಇಟ್ಟು ನೋಡಿ. ಹೊಳೆಯುವ ಕಾರ್ಡು ಬಿಲ್ಲಿನಂತೆ ಬಾಗಿದ್ದರೆ ಅದಕ್ಕೆ ಕಾರಣವೂ ತೇವ: ಕಾಗದ ತೇವ ಕುಡಿದು ಹಿಗ್ಗುತ್ತದೆ, ಮೇಲಿನ ಹೊಳಪಿನ ಪದರ ಹಿಗ್ಗುವುದಿಲ್ಲ. ಒಣಗಿದ ಮೇಲೆ ದಪ್ಪ ಪುಸ್ತಕದ ಕೆಳಗಿಡಿ. ಏಲಕ್ಕಿ, ಮೆಣಸು ಇಟ್ಟ ಹಾಗೆ ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ. ಬಿಸಿಗೆ ಇನ್ನಷ್ಟು ಬಾಗುತ್ತವೆ, ಹೊಗೆಗೆ ಹಳದಿಯಾಗುತ್ತವೆ.

ಅಸಲಿಯೋ ನಕಲಿಯೋ ನೋಡಲು ಕಾರ್ಡಿನ ಬಲ ಕೆಳಮೂಲೆ ಬೆಳಕಿಗೆ ಹಿಡಿಯಿರಿ: ಅಸಲಿಯಲ್ಲಿ ಅಲ್ಲೊಂದು ಚಿಕ್ಕ ಚೌಕದ ಹೊಳೆಯುವ ಮುದ್ರೆ ಇರುತ್ತದೆ. ನಕಲಿ ಬಂದರೂ ಎಸೆಯಬೇಡಿ. ಮನೆಯ ಮಕ್ಕಳಿಗೆ ನಕ್ಷತ್ರ ಎಣಿಸಿ ಬಲಿ ಕೊಡುವ ಆಟ ಕಲಿಸಲು ಅವೇ ಸಾಕು.

— ಸಂಪಾದಕರು