ಇಲಿಯ ಮೆದುಳಿನಲ್ಲಿ ಶಬ್ದದ ನಕ್ಷೆ: ಸಾಲಾಗಿದೆಯೋ, ಚೆಲ್ಲಾಪಿಲ್ಲಿಯೋ?

ಇಲಿಯ ಮೆದುಳಿನಲ್ಲಿ ಶಬ್ದದ ಆವರ್ತನಗಳು, ಅಂದರೆ ದನಿಯ ಎತ್ತರ-ತಗ್ಗುಗಳು, ಹಾರ್ಮೋನಿಯಂ ಮನೆಗಳ ಹಾಗೆ ಸಾಲಾಗಿವೆ ಎಂದು ಒಂದು ಕಡೆ ಓದಿದ್ದೀರಿ. ಅಕ್ಕಪಕ್ಕದ ನರಕೋಶಗಳಿಗೂ ತಾಳಮೇಳವಿಲ್ಲ ಎಂದು ಇನ್ನೊಂದು ಕಡೆ. ಯಾವುದು ನಿಜ ಅಂತ ಕೇಳಿದ್ದೀರಿ. ಎರಡೂ ನಿಜ. ಎಷ್ಟು ಹತ್ತಿರದಿಂದ, ಯಾವ ಪದರವನ್ನು ನೋಡುತ್ತೀರಿ ಅನ್ನೋದು ಮುಖ್ಯ. ಕೆಲವು ವರ್ಷ ಇದೇ ಕೆಲಸ ಮಾಡಿದ್ದೇನೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಕ್ಷೆ ಶುರುವಾಗೋದು ಕಿವಿಯಲ್ಲೇ. ಒಳಕಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುತ್ತದೆ. ಅದರ ಉದ್ದಕ್ಕೂ ಒಂದು ತೆಳು ಪೊರೆ. ಬುಡದಲ್ಲಿ ಅದು ಕಿರಿದು, ಬಿಗಿ. ಕೀರಲು ಶಬ್ದಕ್ಕೆ ಅಲ್ಲಿ ಜಾಸ್ತಿ ಅಲುಗುತ್ತದೆ. ತುದಿಯಲ್ಲಿ ಅಗಲ, ಸಡಿಲ. ದಪ್ಪ ದನಿಗೆ ಆ ಕಡೆ ಅಲುಗುತ್ತದೆ. ಕಾಕ್ಲಿಯಾದಲ್ಲಿ ಶಬ್ದದ ಅಲೆ ಹೀಗೆ ಸಾಗುವುದನ್ನು ತೋರಿಸಿದ ವಿಜ್ಞಾನಿ ಬೇಕೆಶಿಗೆ 1961ರಲ್ಲಿ ನೊಬೆಲ್ ಬಂತು. ಆ ಸಾಲು ಕೆಡದೆ ಮೆದುಳಿನ ಕಾಂಡ, ನಡುಮೆದುಳು, ಥಾಲಮಸ್ ಎಂಬ ಕೊನೆಯ ನಿಲ್ದಾಣ ದಾಟಿ ಮೆದುಳಿನ ಹೊರಹೊದಿಕೆಯಾದ ಕಾರ್ಟೆಕ್ಸ್‌ಗೆ ಬರುತ್ತದೆ. ಇದೇ ಟೋನೋಟೋಪಿ.

ಇಲಿಯ ಕಾರ್ಟೆಕ್ಸ್‌ನ ಮುಖ್ಯ ಶ್ರವಣ ಭಾಗವಾದ ಎ1ರಲ್ಲಿ ಹಿಂದಿನಿಂದ ಮುಂದಕ್ಕೆ ಹೋದಂತೆ ಆವರ್ತನ ಏರುತ್ತದೆ. ಅದರ ಮುಂದಿರುವ ಇನ್ನೊಂದು ಭಾಗದಲ್ಲಿ ಮತ್ತೆ ಇಳಿಯುತ್ತದೆ, ಕನ್ನಡಿಯಲ್ಲಿ ನೋಡಿದ ಹಾಗೆ. ನಮಗೆ 20 ಕಿಲೋಹರ್ಟ್ಸ್‌ಗೆ ಕಿವಿ ಮುಗಿಯಿತು. ಇಲಿಗೆ 80 ದಾಟಿದರೂ ಕೇಳುತ್ತದೆ. ಗೂಡಿನಿಂದಾಚೆ ಬಿದ್ದ ಮರಿ ಅಮ್ಮನನ್ನು ಕರೆಯೋದೂ ನಮಗೆ ಕೇಳದ ಆ ಎತ್ತರದ ದನಿಯಲ್ಲೇ.

ಎಲೆಕ್ಟ್ರೋಡ್ ಚುಚ್ಚಿ ಅಳೆದವರಿಗೆ ಈ ನಕ್ಷೆ ಚೆನ್ನಾಗಿಯೇ ಕಂಡಿತ್ತು. 2010ರಲ್ಲಿ ಎರಡು ತಂಡಗಳು ಟೂ-ಫೋಟಾನ್ ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಕೋಶವನ್ನು ನೋಡಿದವು. ದೂರದಿಂದ ಸಾಲು ಇತ್ತು, ಹತ್ತಿರದಿಂದ ಚೆಲ್ಲಾಪಿಲ್ಲಿ. ಪಕ್ಕಪಕ್ಕದ ಎರಡು ಕೋಶಗಳ ಇಷ್ಟದ (ಅತಿ ಹೆಚ್ಚು ಸ್ಪಂದಿಸುವ) ಆವರ್ತನಗಳ ನಡುವೆ ಒಂದಕ್ಕಿಂತ ಜಾಸ್ತಿ ಆಕ್ಟೇವ್ ಅಂತರ! (ಒಂದು ಆಕ್ಟೇವ್ ಅಂದರೆ ಆವರ್ತನ ದುಪ್ಪಟ್ಟು.) ನಾನು ಮೊದಲ ಸಲ ಹಾಗೆ ಕಂಡಾಗ ಸ್ಪೀಕರ್ ಕೆಟ್ಟಿದೆ ಅಂದುಕೊಂಡು ಅರ್ಧ ದಿನ ಅದನ್ನೇ ಪರೀಕ್ಷೆ ಮಾಡಿದೆ. ಸ್ಪೀಕರ್ ಸರಿಯಾಗಿಯೇ ಇತ್ತು.

ಗುಟ್ಟು ಇರೋದು ಕಾರ್ಟೆಕ್ಸ್‌ನಲ್ಲಿ ಒಂದರ ಕೆಳಗೊಂದಿರುವ ಪದರಗಳಲ್ಲಿ. ಥಾಲಮಸ್‌ನಿಂದ ನೇರ ಸುದ್ದಿ ಬಂದು ಬೀಳುವ ನಾಲ್ಕನೇ ಪದರದಲ್ಲಿ ಸಾಲು ಜಾಸ್ತಿ ಅಚ್ಚುಕಟ್ಟು. ಎಲೆಕ್ಟ್ರೋಡ್ ಇಳಿಸಿದವರು ಹೆಚ್ಚಾಗಿ ಅಳೆದದ್ದು ಆ ಆಳದಲ್ಲಿ, ಅದೂ ಹಲವು ಕೋಶಗಳ ದನಿ ಒಟ್ಟು ಸೇರಿಸಿ. ಸೂಕ್ಷ್ಮದರ್ಶಕಕ್ಕೆ ಸುಲಭವಾಗಿ ಸಿಗೋದು ಅದರ ಮೇಲಿನ ಎರಡು ಮತ್ತು ಮೂರನೇ ಪದರ. ಅಲ್ಲಿನ ಕೋಶಗಳಿಗೆ ಸುತ್ತಮುತ್ತಲಿನಿಂದಲೂ ಸುದ್ದಿ ಬರುತ್ತದೆ, ಆವರ್ತನಗಳು ಬೆರೆಯುತ್ತವೆ. ಈ ಬೆರಕೆಯನ್ನು ನಾನು ಗಲೀಜು ಎನ್ನಲಾರೆ. ನಿಜವಾದ ಯಾವ ಶಬ್ದವೂ ಒಂದೇ ಆವರ್ತನದಲ್ಲಿ ಇರೋದಿಲ್ಲ, ಅಲ್ವಾ? ಬಿಡಿ ಆವರ್ತನಗಳನ್ನು ಎಲ್ಲೋ ಒಂದು ಕಡೆ ಜೋಡಿಸಲೇಬೇಕು.

ನಕ್ಷೆ ಹುಟ್ಟಿನಿಂದಲೇ ಗಟ್ಟಿಯಾಗಿಯೂ ಇರೋದಿಲ್ಲ. ಮರಿಗೆ ಕಿವಿ ಕೇಳಲು ಶುರುವಾಗೋದು ಸುಮಾರು 12ನೇ ದಿನಕ್ಕೆ. 12ರಿಂದ 15ನೇ ದಿನದ ನಡುವೆ ಒಂದೇ ಸ್ವರವನ್ನು ಕೇಳಿಸುತ್ತಲೇ ಇದ್ದರೆ ಎ1ರ ನಕ್ಷೆ ಬದಲಾಗುತ್ತದೆ.

ಈ ವಿಷಯದ ಪ್ರಬಂಧ ಓದುವಾಗ ಯಾವ ಪದರ ಅಳೆದಿದ್ದಾರೆ ಎಂದು ಮೊದಲು ನೋಡಿ. ಜೊತೆಗೆ ಇಲಿಯ ತಳಿ, ವಯಸ್ಸು. ಪ್ರಯೋಗಾಲಯಗಳಲ್ಲಿ ತುಂಬಾ ಬಳಸುವ ಬ್ಲ್ಯಾಕ್ 6 ತಳಿಯ ಇಲಿಗಳಿಗೆ ಕೆಲವೇ ತಿಂಗಳಲ್ಲಿ ಎತ್ತರದ ಶಬ್ದ ಕೇಳೋದು ಕಡಿಮೆಯಾಗುತ್ತದೆ. ಆಗ ಆ ಶಬ್ದಗಳ ಜಾಗದಲ್ಲಿದ್ದ ಕೋಶಗಳು ಕೆಳಗಿನ ಆವರ್ತನಗಳಿಗೆ ಸ್ಪಂದಿಸಲು ಶುರುಮಾಡುತ್ತವೆ.